ತಿದಿಯ ಲೆಕ್ಕ

ಸೆಪ್ಟೆಂಬರ್ 8, 2024, ಭಾನುವಾರ, ಮಾನ್ವಿ

ನಿನ್ನೆ ಗಣೇಶ ಕೂತ. ಇವತ್ತು ಕಡುಬಿನ ಡಬ್ಬಿ ಹಿಡಿದು ತವರಿಗೆ ಬಂದೆ. ಚಹಾ ಕುಡಿಯುವುದರೊಳಗೆ ತಮ್ಮ ಗದ್ದೆಗೆ ಎಬ್ಬಿಸಿಕೊಂಡು ಹೋದ. ಕಳೆದ ತಿಂಗಳು 10ರ ರಾತ್ರಿ ತುಂಗಭದ್ರಾ ಜಲಾಶಯದ 19ನೇ ಕ್ರಸ್ಟ್ ಗೇಟ್ ಕೊಚ್ಚಿಹೋದಾಗ ಇವನು ಮೂರು ದಿನ ಸರಿಯಾಗಿ ಉಂಡಿರಲಿಲ್ಲವಂತೆ, ಅವ್ವ ಹೇಳಿದಳು. ಎಡದಂಡೆ ಕಾಲುವೆಗೆ ನೀರು ನಿಂತರೆ ಇಲ್ಲಿ ನೆಲ್ಲು ಇಲ್ಲ. ಗೇಟಿನ ಜಾಗಕ್ಕೆ ಸ್ಟಾಪ್‌ಲಾಗ್ ಕೂಡಿಸಿದ ಮೇಲೆ ಮುಖಕ್ಕೆ ಕಳೆ ಬಂದಿದೆ. ಈಗ ಹೊಸ ಚಿಂತೆ ಇಲಿ. ಬದುವಿನ ತುಂಬ ಬಿಲ.

‘ಡ್ಯಾಮಿಗಾದ್ರ ಗೇಟ್ ಕೂಡಿಸಬಹುದಕ್ಕ, ಇವಕ್ಕೇನ್ ಕೂಡಿಸ್ಲಿ?’ ಅಂದ.

ಸಲಿಕೆ ಹಾಕಿದ ಕಡೆ ಒಂದು ಗೂಡು ತೆರೆದುಕೊಂಡಿತು. ಕೂದಲು ಹುಟ್ಟದ ಆರು ಮರಿ. ಒಂದನ್ನು ಅಂಗೈಯಲ್ಲಿ ಇಟ್ಟುಕೊಂಡೆ. ಚರ್ಮ ಎಷ್ಟು ತೆಳ್ಳಗೆಂದರೆ ಕುಡಿದ ಹಾಲು ಹೊಟ್ಟೆಯೊಳಗೆ ಬೆಳ್ಳಗೆ ಕಾಣುತ್ತಿತ್ತು. ಪಕ್ಕೆ ಮೇಲೆ ಕೆಳಗೆ ಹೊಡೆದುಕೊಳ್ಳುತ್ತಿತ್ತು. ಗಡಿಯಾರ ನೋಡುತ್ತ ಎಣಿಸಲು ಹೋಗಿ ಸೋತೆ. ದೊಡ್ಡ ಇಲಿಯದ್ದಾದರೆ ನಿಮಿಷಕ್ಕೆ 85ರ ಸುತ್ತ ಉಸಿರು. ದಿನಕ್ಕೆ ಒಂದು ಲಕ್ಷ ಇಪ್ಪತ್ತು ಸಾವಿರ ದಾಟುತ್ತದೆ. ನಾವು ನಿಮಿಷಕ್ಕೆ 15ರಂತೆ ಇಪ್ಪತ್ತೊಂದು ಸಾವಿರ ಚಿಲ್ಲರೆಯಲ್ಲಿ ದಿನ ಮುಗಿಸುತ್ತೇವೆ.

ತಮ್ಮನಿಗೆ ಇದು ಸೋಜಿಗ. ‘ಇಷ್ಟ್ ಸಣ್ಣದಕ್ಕ ಅಷ್ಟ್ ಗಾಳಿ ಯಾಕ?’ ಲೋಟದ ಚಹಾ ಬೇಗ ಆರುತ್ತದೆ, ಹಂಡೆಯ ನೀರು ನಿಧಾನ ಆರುತ್ತದೆ ಅಂದೆ. ಮೈ ಸಣ್ಣದಾದಷ್ಟೂ ಬಿಸಿ ಸೋರುತ್ತದೆ. ಸೋರಿದ್ದನ್ನು ತುಂಬಲು ತಿನ್ನುತ್ತಲೇ ಇರಬೇಕು, ತಿಂದದ್ದನ್ನು ಉರಿಸಲು ಗಾಳಿ ಎಳೆಯುತ್ತಲೇ ಇರಬೇಕು. ಸುಂಡಿಲಿಯ ಕುಲದಲ್ಲೇ ಎರಡು ಗ್ರಾಂ ತೂಗುವ ಒಂದು ಜಾತಿ ಇದೆ. ಅದರ ಉಸಿರು ನಿಮಿಷಕ್ಕೆ ನೂರುಗಟ್ಟಲೆ. ಈ ಎಲ್ಲದರ ಹೊರೆ ಹೊರುವುದು ಎದೆಗೂ ಹೊಟ್ಟೆಗೂ ನಡುವೆ ಗುಮ್ಮಟದಂತೆ ಬಿಗಿದುಕೊಂಡ ಒಂದು ಸ್ನಾಯು, ವಪೆ. ಕಮ್ಮಾರನ ತಿದಿ ಇದ್ದಂತೆ. ಅದು ಬಿಗಿದು ಕೆಳಗಿಳಿದರೆ ಎದೆಗೂಡು ಹಿಗ್ಗಿ ಗಾಳಿ ಒಳಗೆ ಬರುತ್ತದೆ, ಸಡಿಲವಾಗಿ ಮೇಲೇರಿದರೆ ಗಾಳಿ ಹೊರಗೆ. 1966ರಲ್ಲಿ ಗೋತಿಯೆ ಮತ್ತು ಪಡಿಕುಲ ಎಂಬಿಬ್ಬರು ಹಲವು ಸಸ್ತನಿಗಳ ವಪೆಗಳನ್ನು ಸಾಲಾಗಿ ಇಟ್ಟು ನೋಡಿದರು. ಸಣ್ಣ ಪ್ರಾಣಿಯದ್ದರಲ್ಲಿ ಎಳೆಗಳು ಸಪೂರ, ಒಳಗೆ ಒತ್ತೊತ್ತಾಗಿ ಮೈಟೊಕಾಂಡ್ರಿಯ. ದೊಡ್ಡ ಪ್ರಾಣಿಯದ್ದರಲ್ಲಿ ಎಳೆ ದಪ್ಪ, ಮೈಟೊಕಾಂಡ್ರಿಯ ಕಡಿಮೆ. ಕುಲುಮೆ ದೊಡ್ಡದಾದಷ್ಟೂ ತಿದಿ ನಿಧಾನ.

ತಮ್ಮ ಗೂಡಿನ ಮೇಲೆ ಮಣ್ಣೆಳೆದು ತುಳಿದ. ಬೇಡ ಅನ್ನಲಿಲ್ಲ. ಈ ಗದ್ದೆಯ ಅಕ್ಕಿ ನನ್ನ ಮನೆಗೂ ಬರುತ್ತದೆ.

ಸೆಪ್ಟೆಂಬರ್ 10, ಮಂಗಳವಾರ, ರಾಯಚೂರು

ಕಾಲೇಜಿನಲ್ಲಿ ನಾನು ಇವತ್ತು ಮಾಡಿದ ಪಾಠ ನರ ಮತ್ತು ಸ್ನಾಯು ಕೂಡುವ ಜಾಗದ ಔಷಧಿಗಳು. ಕಂಪ್ಯೂಟರಿನಲ್ಲಿ ಗುಂಡಿ ಒತ್ತಿದರೆ ಗೆರೆ ಮೂಡುತ್ತದೆ. 2014ರಿಂದ ಈಚೆಗೆ ಪಾಠಕ್ಕೆಂದು ಪ್ರಾಣಿ ಕೊಯ್ಯುವುದು ನಿಂತಿದೆ. ನಿಂತದ್ದು ಒಳ್ಳೆಯದೇ. ಆದರೆ ಹುಡುಗರಿಗೆ ಆ ಗೆರೆಯ ಹಿಂದೆ ಇಲಿಯ ಒಂದು ಸ್ನಾಯು, ವಪೆ, ಇತ್ತೆಂಬುದೇ ನೆನಪಿರುವುದಿಲ್ಲ.

ಹಿಂದಿನ ಬೆಂಚಿನ ಹುಡುಗಿ ಒಳ್ಳೆಯ ಪ್ರಶ್ನೆ ಕೇಳಿದಳು. ‘ಮೇಡಂ, ಕಪ್ಪೆ ಇರುವಾಗ ಇಲಿಯೇ ಯಾಕೆ?’

ಕಪ್ಪೆಗೆ ವಪೆ ಇಲ್ಲ. ಅದು ಗಂಟಲಿನಿಂದ ಗಾಳಿ ನುಂಗುತ್ತದೆ. ಸ್ನಾಯುವಿನ ವಪೆ ಇರುವುದು ಸಸ್ತನಿಗಳಿಗೆ ಮಾತ್ರ. ಇನ್ನು ಇಲಿಯೇ ಯಾಕೆ? ಅದರ ವಪೆ ಒಂದು ಮಿಲಿಮೀಟರಿಗೂ ತೆಳು. ಮೈಯಿಂದ ತೆಗೆದು ಗಾಜಿನ ಪಾತ್ರೆಯ ಉಪ್ಪುನೀರಿನಲ್ಲಿ ತೂಗುಹಾಕಿ ಆಮ್ಲಜನಕದ ಗುಳ್ಳೆ ಬಿಟ್ಟರೆ, ರಕ್ತ ಹರಿಯದಿದ್ದರೂ ಎರಡೂ ಬದಿಯಿಂದ ಗಾಳಿ ನೆನೆದು ಒಳಗಿನವರೆಗೆ ಮುಟ್ಟುತ್ತದೆ. ಗಂಟೆಗಟ್ಟಲೆ ಬದುಕಿರುತ್ತದೆ. ಎಮ್ಮೆಯದ್ದನ್ನು ಹಾಗೆ ತೂಗಿದರೆ ನಡುವಿನ ಎಳೆ ಉಸಿರುಗಟ್ಟಿ ಸಾಯುತ್ತದೆ. 1946ರಲ್ಲಿ ಎಡಿತ್ ಬುಲ್‌ಬ್ರಿಂಗ್ ಎಂಬಾಕೆ ಆಕ್ಸ್‌ಫರ್ಡ್‌ನಲ್ಲಿ ಈ ವಿಧಾನ ಬರೆದಿಟ್ಟರು. ಬಾನ್ ನಗರದಲ್ಲಿ ಹುಟ್ಟಿ, 1933ರಲ್ಲಿ ಜರ್ಮನಿ ಬಿಡಬೇಕಾಗಿ ಬಂದ ಹೆಣ್ಣುಮಗಳು. ಅಂದಿನಿಂದ ಜಗತ್ತಿನ ಔಷಧಶಾಸ್ತ್ರದ ಪ್ರಯೋಗಶಾಲೆಗಳಲ್ಲಿ ಇಲಿಯ ವಪೆ ತೂಗಾಡಿದೆ. 1963ರಲ್ಲಿ ತೈವಾನಿನ ಚಾಂಗ್ ಮತ್ತು ಲೀ ಕಟ್ಟುಹಾವಿನ ವಿಷವನ್ನು ಬೇರೆ ಬೇರೆ ಮಾಡಿ ಪರೀಕ್ಷಿಸಿದ್ದೂ ಇದರ ಮೇಲೆಯೇ.

ಕಾರಿಡಾರಿನಲ್ಲಿ ಚಾಚಾ ಸಿಕ್ಕರು. ಪ್ರಾಣಿಗಳ ಕೋಣೆ ನೋಡಿಕೊಳ್ಳುತ್ತಿದ್ದವರು. ನಿವೃತ್ತಿಯಾಗಿ ವರ್ಷಗಳಾದವು, ಪಿಂಚಣಿಯ ಯಾವುದೋ ಕಾಗದಕ್ಕೆ ಬಂದಿದ್ದರು. ಕ್ಯಾಂಟೀನಿನಲ್ಲಿ ಕೂತು ಹಳೆಯದು ನೆನೆದೆವು. ಸ್ನಾಯುವಿನ ಗೆರೆ ಮೂಡುವ ಡ್ರಮ್ಮಿಗೆ ಹೊಳಪು ಕಾಗದ ಸುತ್ತಿ ಸೀಮೆಎಣ್ಣೆ ದೀಪದ ಹೊಗೆಗೆ ತಿರುಗಿಸುತ್ತಿದ್ದುದು, ಕೈಗೆ ಹತ್ತಿದ ಮಸಿ ಎರಡು ದಿನ ಹೋಗದೆ ಇರುತ್ತಿದ್ದುದು. ವಪೆಯ ತುದಿಗೆ ದಾರ ಕಟ್ಟುವುದು ಅವರ ಕೈಗೇ ಸರಿ. ದಾರ ಸಡಿಲ ಬಿಟ್ಟರೆ ಸ್ನಾಯು ಎಳೆಯುವುದಿಲ್ಲ, ಅತಿ ಬಿಗಿದರೂ ಎಳೆಯುವುದಿಲ್ಲ. ನಡುವೆ ಒಂದು ಉದ್ದವಿದೆ, ಅಲ್ಲಿ ಬಲ ಪೂರ್ತಿ. ಅದನ್ನು ಚಾಚಾ ಬೆರಳಲ್ಲೇ ಹುಡುಕುತ್ತಿದ್ದರು. ನಲವತ್ತು ವರ್ಷ ಬೀಡಿ ಸೇದಿದವರ ಕಷ್ಟವೂ ಈ ಉದ್ದದಲ್ಲೇ ಇದೆ. ಪುಪ್ಪುಸ ಊದಿಕೊಂಡು ವಪೆ ಚಪ್ಪಟೆಯಾಗುತ್ತದೆ, ಎಳೆ ಗಿಡ್ಡವಾಗುತ್ತದೆ. ಆಗಲೇ ಇಳಿದು ಕೂತ ತಿದಿಯನ್ನು ಇನ್ನೆಷ್ಟು ಒತ್ತಲು ಸಾಧ್ಯ?

ನರವನ್ನು ಒಮ್ಮೆ ವಿದ್ಯುತ್ತಿನಿಂದ ಮುಟ್ಟಿದರೆ ಒಂದು ಸೆಳೆತ. ಇಲಿಯ ವಪೆ 20–30 ಮಿಲಿಸೆಕೆಂಡಿನಲ್ಲಿ ತುದಿ ಮುಟ್ಟುತ್ತದೆ. ಮೇಲಿಂದ ಮೇಲೆ ಮುಟ್ಟಿದರೆ ಸೆಳೆತಗಳು ಒಂದರ ಮೇಲೊಂದು ಏರಿ ಬಿಗಿತವಾಗಿ ನಿಲ್ಲುತ್ತವೆ. ಉಸಿರಿಗೆ ಬೇಕಾದದ್ದು ಒಂಟಿ ಸೆಳೆತವಲ್ಲ, ಈ ನಿಲ್ಲುವ ಬಿಗಿತ. ಪಾತ್ರೆಗೆ ಕೀಟನಾಶಕದ ಜಾತಿಯ ಮದ್ದು ಹಾಕಿದಾಗ ಏನಾಗುತ್ತಿತ್ತು ಎಂಬುದು ಚಾಚಾಗೆ ನಮ್ಮ ಪಠ್ಯಕ್ಕಿಂತ ಚೆನ್ನಾಗಿ ನೆನಪಿದೆ. ಒಂಟಿ ಸೆಳೆತ ಮೊದಲಿಗಿಂತ ಎತ್ತರ ಹೋಗುತ್ತದೆ. ಆದರೆ ಒಂದೇ ಸಮ ಮುಟ್ಟಿದರೆ ಗೆರೆ ಮೇಲೆ ಹೋದದ್ದೇ ಜಾರಿ ಕೆಳಗೆ ಬೀಳುತ್ತದೆ.

‘ಒಂದ್ ಏಟಿಗೆ ಜಿಗಿತದ ಮೇಡಂ, ಓಡು ಅಂದ್ರ ಕುಂದರ್ತದ’ ಅಂದರು. ಈ ಮಾತನ್ನು ನಾಳೆ ಕ್ಲಾಸಿನಲ್ಲಿ ಹೇಳಬೇಕು.

ಸೆಪ್ಟೆಂಬರ್ 12, ಗುರುವಾರ, ರಾತ್ರಿ 1 ಗಂಟೆ

ಒಂಬತ್ತಕ್ಕೆ ದೇವದುರ್ಗದಿಂದ ಅತ್ತೆಯ ಫೋನು. ಅವರ ಹೊಲ ಪಾಲಿಗೆ ಮಾಡುವ ಹುಡುಗ ಮಧ್ಯಾಹ್ನದಿಂದ ಹತ್ತಿಗೆ ಎಣ್ಣಿ, ಅಂದರೆ ಕೀಟನಾಶಕ, ಹೊಡೆಯುತ್ತಿದ್ದನಂತೆ. ಬೆನ್ನಿಗೆ ಕಟ್ಟಿದ ಪಂಪು ಸೋರುತ್ತಿತ್ತು. ಅಂಗಿ ತೊಯ್ದು ಬೆನ್ನಿಗೆ ಅಂಟಿದ್ದರೂ ‘ಇನ್ನೆರಡು ಸಾಲು’ ಎಂದು ಬಿಸಿಲಲ್ಲೇ ಮುಗಿಸಿದ. ಸಂಜೆಗೆ ಬೆವರು, ಬಾಯಲ್ಲಿ ಜೊಲ್ಲು, ವಾಂತಿ. ಅತ್ತೆ ಬುದ್ಧಿವಂತೆ. ಅಂಗಿ ಬಿಚ್ಚಿಸಿ, ಸಬ್ಬು ಹಚ್ಚಿ ಮೈ ತೊಳೆಸಿ, 108ಕ್ಕೆ ಫೋನ್ ಮಾಡಿದ್ದಾರೆ.

ರಾಯಚೂರಿನ ಆಸ್ಪತ್ರೆಗೆ ತಂದಾಗ ನಾನು ಬಾಗಿಲಲ್ಲೇ ಇದ್ದೆ. ಕಣ್ಣಿನ ಪಾಪೆ ಸಾಸಿವೆಕಾಳಿನಷ್ಟು. ಎದೆಯಲ್ಲಿ ಗೊರಗೊರ. ಅಟ್ರೊಪಿನ್ ಏರಿಸುತ್ತ ಹೋದರು. ಹನ್ನೆರಡರ ಹೊತ್ತಿಗೆ ಎದೆ ಒಣಗಿತು, ಪಾಪೆ ಅರಳಿತು. ಅವನ ಹೆಂಡತಿ ಗೋಡೆಗೆ ಒರಗಿ ಕೂತಿದ್ದಾಳೆ. ಮಡಿಲಲ್ಲಿ ವರ್ಷದ ಮಗು.

ಸೆಪ್ಟೆಂಬರ್ 13, ಶುಕ್ರವಾರ

ಬೆಳಿಗ್ಗೆ ಎದ್ದು ಕೂತಿದ್ದ. ಗಂಜಿ ಕುಡಿದ. ನನ್ನ ನೋಡಿ, ‘ಅಕ್ಕಾರ, ಹತ್ತಿ ಇನ್ನೂ ಅರ್ಧ ಎಕರೆ ಉಳಿದದ’ ಅಂದ. ಬೈದೆ. ವಾರ್ಡಿನಲ್ಲಿ ಯಾರೋ ‘ನಾಳೆ ಸಂಜಿಗೆ ಮನಿಗೆ ಒಯ್ಯಬಹುದು’ ಅಂದರಂತೆ. ಅತ್ತೆ ಕೇಳಿದರು. ನಾನೂ ‘ಹೂಂ, ಗಂಡಾಂತರ ಕಳೀತು’ ಅಂದುಬಿಟ್ಟೆ. ಬಾಡಿಗೆ ಗಾಡಿಗೂ ಹೇಳಿದ್ದಾಯಿತು.

ಸೆಪ್ಟೆಂಬರ್ 14, ಶನಿವಾರ

ಬರೆಯಲು ಕೈ ನಡುಗುತ್ತಿದೆ, ಆದರೂ ಬರೆದಿಡಬೇಕು.

ಮಧ್ಯಾಹ್ನ ಊಟದ ಡಬ್ಬಿ ಕೊಡಲು ಹೋದೆ. ಮಲಗಿದ್ದ. ಮಾತಾಡಿದ, ಆದರೆ ಮೂಗಿನಲ್ಲಿ. ಹೆಂಡತಿ ತಲೆದಿಂಬು ಸರಿಸಲು ಹೋದಾಗ ಅವನ ತಲೆ ಅವಳ ಕೈಯಲ್ಲಿ ಭಾರವಾಗಿ ಹಿಂದಕ್ಕೆ ವಾಲಿತು. ಅಲ್ಲಿ ನನಗೆ ಚಾಚಾನ ಮಾತು ಕೇಳಿಸಿತು. ‘ತಲಿ ಎತ್ತು’ ಅಂದೆ. ಎತ್ತಿದ. ‘ಹಂಗೇ ಹಿಡಿ, ನಾ ಹತ್ತು ಎಣಸ್ತೀನಿ.’ ಮೂರು ಅನ್ನುವಷ್ಟರಲ್ಲಿ ತಲೆ ದಿಂಬಿಗೆ ಬಿತ್ತು. ಒಂದು ಏಟಿಗೆ ಜಿಗಿಯಿತು, ಓಡು ಅಂದರೆ ಕೂತಿತು.

ಹೊದಿಕೆ ಸರಿಸಿ ಹೊಟ್ಟೆ ನೋಡಿದೆ. ಉಸಿರು ಎಳೆದಾಗ ವಪೆ ಕೆಳಗಿಳಿದು ಕರುಳನ್ನು ಒತ್ತಬೇಕು, ಹೊಟ್ಟೆ ಉಬ್ಬಬೇಕು. ಇವನದ್ದು ಒಳಕ್ಕೆ ಹೋಗುತ್ತಿತ್ತು. ಕುತ್ತಿಗೆಯ, ಪಕ್ಕೆಯ ಸ್ನಾಯುಗಳು ಎದೆಯನ್ನು ಎತ್ತುತ್ತಿವೆ, ಬಲವಿಲ್ಲದ ವಪೆ ಒದ್ದೆ ಬಟ್ಟೆಯಂತೆ ಮೇಲಕ್ಕೆ ಸೇದಿಕೊಳ್ಳುತ್ತಿದೆ. ಬೆರಳಿಗೆ ಸಿಕ್ಕಿಸಿದ ಯಂತ್ರ ಇನ್ನೂ ಆಮ್ಲಜನಕ 94 ತೋರಿಸುತ್ತಿತ್ತು. ಯಂತ್ರಕ್ಕೆ ಗೊತ್ತಾಗುವ ಮೊದಲು ಹೊಟ್ಟೆಗೆ ಗೊತ್ತಿತ್ತು. ಓಡಿ ಹೋಗಿ ಕರೆದೆ. ಇಪ್ಪತ್ತು ನಿಮಿಷದಲ್ಲಿ ಕೊಳವೆ ಹಾಕಿ ವೆಂಟಿಲೇಟರಿಗೆ ಹಚ್ಚಿದರು. ಗಾಡಿ ಐದಕ್ಕೆ ಬರುವುದಿತ್ತು. ದೇವದುರ್ಗದ ದಾರಿಯಲ್ಲಿ ಆಗಿದ್ದರೆ?

ಇದಕ್ಕೊಂದು ಹೆಸರಿದೆ, ನಾನೇ ಪಾಠ ಮಾಡುತ್ತೇನೆ. 1987ರಲ್ಲಿ ಶ್ರೀಲಂಕಾದ ಸೇನಾನಾಯಕೆ ಮತ್ತು ಕರಳ್ಳಿಯದ್ದೆ ಎಂಬ ವೈದ್ಯರು ಹತ್ತು ರೋಗಿಗಳನ್ನು ನೋಡಿ ಬರೆದ ‘ನಡುವಣ ಹಂತ’. ಮೊದಲ ಹೊಡೆತ ಇಳಿದು ರೋಗಿ ಚೇತರಿಸಿಕೊಂಡಂತೆ ಕಂಡ ಮೇಲೆ, 24ರಿಂದ 96 ಗಂಟೆಯೊಳಗೆ, ಕುತ್ತಿಗೆ ಬಲಹೀನವಾಗುತ್ತದೆ, ಆಮೇಲೆ ಉಸಿರಿನ ಸ್ನಾಯು. ಎಣ್ಣಿಯೊಳಗಿನ ರಂಜಕದ ಸಂಯುಕ್ತ ಅಸಿಟೈಲ್‌ಕೋಲಿನ್ ಒಡೆಯುವ ಕಿಣ್ವವನ್ನು ಕಟ್ಟಿಹಾಕುತ್ತದೆ. ನರ ಬಿಟ್ಟ ಆ ಅಸಿಟೈಲ್‌ಕೋಲಿನ್ ಸ್ನಾಯುವಿನ ಬಾಗಿಲಲ್ಲಿ ತುಂಬಿಕೊಂಡು, ಬಾಗಿಲು ಬಡಿದು ಬಡಿದು ಕೊನೆಗೆ ಒಳಗಿನವರು ಓಗೊಡುವುದನ್ನೇ ನಿಲ್ಲಿಸುತ್ತಾರೆ. ಅಟ್ರೊಪಿನ್ ಜೊಲ್ಲು ಒಣಗಿಸುತ್ತದೆ, ಪಾಪೆ ಅರಳಿಸುತ್ತದೆ, ಈ ಬಾಗಿಲ ಹತ್ತಿರಕ್ಕೂ ಹೋಗುವುದಿಲ್ಲ. ನಾವು ನಿನ್ನೆ ಪಾಪೆ ನೋಡಿ ಸಮಾಧಾನಪಟ್ಟೆವು.

ಮಂಗಳವಾರ ಹೇಳಿದ ಪಾಠ, ಶುಕ್ರವಾರ ಮರೆತೆ. ಇದನ್ನು ಬೇರೆ ಯಾರ ಮೇಲೂ ಹಾಕುವಂತಿಲ್ಲ.

ಸೆಪ್ಟೆಂಬರ್ 16, ಸೋಮವಾರ, ಈದ್ ಮಿಲಾದ್

ಚಾಚಾ ಹಬ್ಬದ ದಿನವೂ ಖರ್ಜೂರದ ಪೊಟ್ಟಣ ಹಿಡಿದು ಆಸ್ಪತ್ರೆಗೆ ಬಂದರು. ಗಾಜಿನ ಆಚೆಯಿಂದ ಅವನನ್ನು ಬಹಳ ಹೊತ್ತು ನೋಡಿದರು. ‘ಮಿಷಿನ್ ಊದ್ಲಿಕ್ಕತ್ಯಾದ, ಇವನ ತಿದಿ ಸುಮ್ನೆ ಕುಂತದ’ ಅಂದರು. ನಿನ್ನೆ ಮಟನ್ ಅಂಗಡಿಯಲ್ಲಿ ನಾನೂ ಅದನ್ನೇ ನೋಡುತ್ತ ನಿಂತಿದ್ದೆ. ತೂಗುಹಾಕಿದ ಆಡಿನ ಎದೆಗೂಡಿನ ಕೆಳಗೆ ಅಂಚಿಗೆ ಕೆಂಪು ಎಳೆ, ನಡುವೆ ಬಿಳಿ ಹೊಳಪಿನ ಗಟ್ಟಿ ಪೊರೆ, ಸೂರ್ಯನ ಕಿರಣ ಬರೆದಂತೆ. ಅಂಗಡಿಯವನು ಒಂದೇ ಏಟಿಗೆ ಕತ್ತರಿಸಿ ಬದಿಗೆಸೆದ.

ಹೆಂಡತಿಗೆ ಒಂದೇ ಪ್ರಶ್ನೆ. ‘ಯಂತ್ರ ತಗದ್ರ ತಾನೇ ಉಸರಾಡ್ತಾನೇನ್ರಿ?’ ಆಡುತ್ತಾನೆ, ಸ್ನಾಯು ಸತ್ತಿಲ್ಲ, ಬಾಗಿಲು ತೆರೆಯಲು ದಿನ ಬೇಕು ಎಂದೆ. ಹೇಳುವಾಗ ಒಳಗೊಂದು ಅಳುಕಿತ್ತು. ಅವಳಿಗೆ ಹೇಳಲಿಲ್ಲ.

ಸೆಪ್ಟೆಂಬರ್ 19, ಗುರುವಾರ

ಆ ಅಳುಕು ಇದು. ವಪೆಗೆ ಬಿಡುವು ಒಗ್ಗುವುದಿಲ್ಲ. ಬಸುರಿನಲ್ಲೇ ಅಭ್ಯಾಸ ಶುರುಮಾಡಿ ಸಾಯುವವರೆಗೆ ನಿಲ್ಲದ ಸ್ನಾಯು, ಯಂತ್ರ ಅದರ ಕೆಲಸ ಕಿತ್ತುಕೊಂಡರೆ ಗಂಟೆಗಳ ಲೆಕ್ಕದಲ್ಲಿ ಸೊರಗುತ್ತದೆ. ಇಲಿಗಳಲ್ಲಿ ಒಂದು ದಿನ ತುಂಬುವುದರೊಳಗೇ ಎಳೆ ತೆಳುವಾದದ್ದನ್ನು ಅಳೆದಿದ್ದಾರೆ. ಮನುಷ್ಯರಲ್ಲಿ ಹಾಗಾಗದು ಎಂದುಕೊಂಡಿದ್ದವರಿಗೆ 2008ರಲ್ಲಿ ಉತ್ತರ ಬಂತು. ಲೆವಿನ್ ಮತ್ತು ಜೊತೆಗಾರರು ಮಿದುಳು ಸತ್ತ, ಅಂಗದಾನಕ್ಕೆ ಇಟ್ಟಿದ್ದ 14 ಮಂದಿಯ ವಪೆ ನೋಡಿದರು. ಯಂತ್ರದ ಮೇಲಿದ್ದದ್ದು 18ರಿಂದ 69 ಗಂಟೆ. ಎಳೆಗಳ ಅಡ್ಡಳತೆಯ ವಿಸ್ತೀರ್ಣ ಅರ್ಧಕ್ಕಿಂತ ಕಡಿಮೆಗೆ ಇಳಿದಿತ್ತು.

ಇಲಿ ಸುಮ್ಮನೆ ಉಸಿರಾಡುವಾಗ ವಪೆಯ ಪೂರ್ತಿ ಬಲದ ಸುಮಾರು ಕಾಲುಭಾಗ ಮಾತ್ರ ಬಳಸುತ್ತದೆ. ಉಳಿದದ್ದು ಸೀನಿಗೆ, ಕೆಮ್ಮಿಗೆ, ಆಪತ್ತಿಗೆ. ನಮಗೂ ಇಂಥ ಗಂಟು ಇರುವುದರಿಂದಲೇ ನಾವು ಅರ್ಧ ಕಳೆದುಕೊಂಡರೂ ಗೊತ್ತಾಗದೆ ಓಡಾಡುತ್ತೇವೆ. ಅದೇ ಕಾರಣಕ್ಕೆ ಗೊತ್ತಾಗುವ ಹೊತ್ತಿಗೆ ಗಂಟು ಖಾಲಿಯಾಗಿರುತ್ತದೆ.

ಇಲ್ಲಿಯ ವೈದ್ಯರಿಗೆ ಇದು ಗೊತ್ತಿದೆ. ಇವತ್ತು ಯಂತ್ರವನ್ನು ಪೂರ್ತಿ ತಾನೇ ಊದದಂತೆ ಇಳಿಸಿದ್ದಾರೆ. ಇವನು ಎಳೆದರೆ ಅದು ಕೈ ಹಚ್ಚುತ್ತದೆ. ಪರದೆಯ ಮೇಲೆ ಪ್ರತಿ ಉಸಿರಿಗೂ ಮೊದಲು ಒಂದು ಸಣ್ಣ ತಗ್ಗು ಮೂಡುತ್ತಿದೆ. ಆ ತಗ್ಗು ಇವನದು. ಹೆಂಡತಿಗೆ ತೋರಿಸಿದೆ. ‘ಇಷ್ಟ್ ಸಣ್ಣದಾ?’ ಅಂದಳು. ಅಂಗೈಯ ಮೇಲಿದ್ದ ಮರಿ ನೆನಪಾಯಿತು.

ಸೆಪ್ಟೆಂಬರ್ 23, ಸೋಮವಾರ

ಬೆಳಿಗ್ಗೆ ತಲೆ ಎತ್ತಿ ಹತ್ತು ಎಣಿಸುವವರೆಗೂ ಹಿಡಿದ. ಕೊಳವೆ ಇಟ್ಟುಕೊಂಡೇ ಯಂತ್ರದ ಆಸರೆ ಇಳಿಸಿ ಅರ್ಧ ಗಂಟೆ ನೋಡಿದರು. ಹನ್ನೊಂದಕ್ಕೆ ಕೊಳವೆ ತೆಗೆದರು. ಒಂಬತ್ತು ದಿನ. ಮೊದಲು ಕೆಮ್ಮಿದ. ಅದಕ್ಕಿಂತ ಚೆಂದದ ಸದ್ದು ನಾನು ಕೇಳಿಲ್ಲ. ವಪೆ ಮೊದಲು ಆಳವಾಗಿ ಗಾಳಿ ಎಳೆಯದೆ ಗಟ್ಟಿ ಕೆಮ್ಮು ಬರುವುದಿಲ್ಲ. ಧ್ವನಿ ಕೂತುಹೋಗಿದೆ. ಹತ್ತಿಯ ಮಾತು ಎತ್ತಲಿಲ್ಲ, ಮಗುವನ್ನು ಕೇಳಿದ.

ಅಕ್ಟೋಬರ್ 6, ಭಾನುವಾರ, ದೇವದುರ್ಗ

ನವರಾತ್ರಿ ನಡೆದಿದೆ. ಅತ್ತೆಯ ಮನೆಯ ಕಟ್ಟೆಯ ಮೇಲೆ ಅವನು ಕೂತಿದ್ದ. ಸೊರಗಿದ್ದಾನೆ, ಮನೆಯಿಂದ ಹೊಲದವರೆಗೆ ನಡೆದರೆ ದಮ್ಮು ಹತ್ತುತ್ತದಂತೆ. ಹತ್ತಿಯ ಉಳಿದ ಅರ್ಧ ಎಕರೆ ಎಣ್ಣಿಯಿಲ್ಲದೆ ನಿಂತಿದೆ. ಸೋರುವ ಪಂಪನ್ನು ಅತ್ತೆ ಗುಜರಿಗೆ ಹಾಕಿದ್ದಾರೆ. ಇದು ಒಳ್ಳೆಯ ಸುದ್ದಿ. ಕೆಟ್ಟ ಸುದ್ದಿ ಏನೆಂದರೆ ಪಕ್ಕದ ಹೊಲದಲ್ಲಿ ಇಬ್ಬರು ಬರಿಮೈಯಲ್ಲಿ ಎಣ್ಣಿ ಹೊಡೆಯುತ್ತಿದ್ದರು.

ಮಧ್ಯಾಹ್ನ ಅವನು ಮಲಗಿದ್ದಾಗ ಹೆಂಡತಿ ಮಗುವನ್ನು ಮಡಿಲಲ್ಲಿ ಇಟ್ಟುಕೊಂಡು ಅವನ ಹೊಟ್ಟೆಯನ್ನೇ ನೋಡುತ್ತ ಬೆರಳು ಮಡಿಸುತ್ತಿದ್ದಳು. ನಾನು ಕಲಿಸಿದ್ದಲ್ಲ. ಚಾಚಾ ಇಲಿಗಳ ಪಕ್ಕೆ ಎಣಿಸುತ್ತಿದ್ದ ಲೆಕ್ಕವನ್ನು ಗಾಜಿನ ಕೋಣೆಯ ಹೊರಗೆ ಅವಳಿಗೆ ಹೇಳಿಕೊಟ್ಟಿದ್ದರಂತೆ. ‘ಹದಿನೆಂಟು ಅದರಿ’ ಅಂದಳು. ನಾನೂ ಎಣಿಸಿದೆ. ಹದಿನೆಂಟೇ.

ಅತ್ತೆಯ ಪಡಸಾಲೆಯ ಗೋಡೆಗೆ ಅಂಟಿಸಲು ಹಾಳೆಯೊಂದರಲ್ಲಿ ದಪ್ಪಗೆ ಬರೆದು ಕೊಟ್ಟೆ. ನಾಳೆ ಎಣ್ಣಿಯ ಅಂಗಡಿಗೂ ಒಂದು ಕೊಡಬೇಕು. ಇಲ್ಲಿಯೂ ನಕಲು ಇಟ್ಟುಕೊಳ್ಳುತ್ತೇನೆ, ನಾನು ಮತ್ತೆ ಮರೆಯದಿರಲಿ ಎಂದು.

‘ಎಣ್ಣಿ ಮೈಗೆ ಬಿದ್ದರೆ ಬಟ್ಟೆ ಬಿಚ್ಚಿ ಸಬ್ಬು ಹಚ್ಚಿ ತೊಳೆಯಿರಿ, ಕೂಡಲೇ ದವಾಖಾನೆಗೆ ಒಯ್ಯಿರಿ. ಆರಾಮಾದ ಎಂದು ನಾಲ್ಕು ದಿನದ ಒಳಗೆ ಮನೆಗೆ ತರಬೇಡಿರಿ. ದಿನಕ್ಕೆ ನಾಲ್ಕು ಸಲ ತಲೆ ಎತ್ತಿಸಿ ಹತ್ತು ಎಣಿಸಿರಿ. ಉಸಿರು ಎಳೆದಾಗ ಹೊಟ್ಟೆ ಉಬ್ಬಬೇಕು. ತಲೆ ಬಿದ್ದರೆ, ಹೊಟ್ಟೆ ಒಳಕ್ಕೆ ಹೋದರೆ ಬೆಳಗಾಗಲಿ ಎಂದು ಕಾಯಬೇಡಿರಿ.’